ಆರು ಸೆಕೆಂಡಿನ ಹಾಜರಿ

ಹಿರಿಯರಿರುವ ಮನೆಗಳಲ್ಲಿ ದೀಪ 'ಆರಿಸು' ಎನ್ನುವಂತಿಲ್ಲ. 'ಶಾಂತ ಮಾಡು' ಎನ್ನಬೇಕು. ದೀಪ ತಾನಾಗಿ ಆರಿದರಂತೂ ಮನೆಮಂದಿಗೆಲ್ಲ ಕಸಿವಿಸಿ. ಆದರೆ ಕಾರಿನೊಳಗಿನ ದೀಪಗಳ ಶಾಸ್ತ್ರವೇ ಬೇರೆ. ಅಲ್ಲಿ ದೀಪ ಆರುವುದೇ ಶುಭ, ಉರಿಯುತ್ತಲೇ ಇರುವುದು ಅಶುಭ. ಕೀಲಿಕೈ ತಿರುಗಿಸಿದ ಕೂಡಲೇ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಕೆಂಪು, ಹಳದಿ ಬಣ್ಣದ ಹತ್ತು ಹನ್ನೆರಡು ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಇಂಜಿನ್ ಗುರುಗುಟ್ಟಿ ಒಂದು ಹದಕ್ಕೆ ಬರುವಷ್ಟರಲ್ಲಿ ಒಂದೊಂದಾಗಿ ಆರಿಹೋಗುತ್ತವೆ. ನಿತ್ಯ ಕಾರು ಓಡಿಸುವವರೂ ಇದನ್ನು ನೋಡುವುದು ಕಡಿಮೆ. ಆ ಹೊತ್ತಿನಲ್ಲಿ ಅವರ ಕಣ್ಣು ಕನ್ನಡಿಯ ಮೇಲೋ ಗೇಟಿನ ಮೇಲೋ ಇರುತ್ತದೆ.

ಆ ದೀಪಗಳ ಸಾಲಿನಲ್ಲಿ ಒಂದು, ಪಕ್ಕಕ್ಕೆ ತಿರುಗಿ ಕುಳಿತ ಮನುಷ್ಯನ ಆಕಾರದ್ದು. ಅವನ ಎದೆಗೆ ಅಡ್ಡಲಾಗಿ ಬೆಲ್ಟಿನ ಗೆರೆ, ಮುಂದುಗಡೆ ಒಂದು ದುಂಡನೆಯ ಚೆಂಡು. ಏರ್‌ಬ್ಯಾಗ್ ಎಂದು ಕರೆಯುವ ಗಾಳಿಚೀಲದ ಎಚ್ಚರಿಕೆಯ ದೀಪ ಇದು. ಕೆಲವು ಕಾರುಗಳಲ್ಲಿ ಚಿತ್ರದ ಬದಲು ಎಸ್.ಆರ್.ಎಸ್. ಎಂಬ ಮೂರು ಅಕ್ಷರಗಳಿರುತ್ತವೆ. ಬಹಳಷ್ಟು ಕಾರುಗಳಲ್ಲಿ ಕೀಲಿಕೈ ತಿರುಗಿಸಿದ ಮೇಲೆ ಈ ದೀಪ ಸುಮಾರು 6 ಸೆಕೆಂಡು ಉರಿದು ಆರುತ್ತದೆ. ಶಿವಮೊಗ್ಗದ ಒಂದು ಕುಟುಂಬಕ್ಕೆ ಈ 6 ಸೆಕೆಂಡಿನ ಬೆಲೆ ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರ ಪತ್ನಿ ಆಸ್ಪತ್ರೆಯೊಂದರಲ್ಲಿ ನರ್ಸ್. ಒಬ್ಬಳೇ ಮಗಳು. 2012ರಲ್ಲಿ ಸಾಲ ಮಾಡಿ ಹೊಸ ಕಾರು ಕೊಳ್ಳಲು ಹೋದಾಗ ಗಂಡ ಹೆಂಡತಿಯ ನಡುವೆ ಸಣ್ಣದೊಂದು ಜಟಾಪಟಿ ನಡೆದಿತ್ತು. ಆಗ ಏರ್‌ಬ್ಯಾಗ್ ಎಂಬುದು ಹಣವಿದ್ದವರ ಸೌಕರ್ಯ. ಒಂದೇ ಕಾರಿನ ಅಗ್ಗದ ಮಾದರಿಯಲ್ಲಿ ಅದು ಇರುತ್ತಿರಲಿಲ್ಲ. ದುಬಾರಿ ಮಾದರಿಯಲ್ಲಿ ಮಾತ್ರ ಮುಂದಿನ ಎರಡು ಸೀಟುಗಳಿಗೆ ಇರುತ್ತಿತ್ತು. ಮೇಷ್ಟ್ರು ಹಾಳೆಯ ಮೇಲೆ ಬಡ್ಡಿ ಸಮೇತ ಲೆಕ್ಕ ಹಾಕಿ ತೋರಿಸಿದರು. ಆಕೆ ಲೆಕ್ಕ ನೋಡಲಿಲ್ಲ. "ರೀ, ಬಣ್ಣ ಯಾವುದಾದ್ರೂ ಇರ್ಲಿ, ಹಾಡು ಕೇಳೋ ಪೆಟ್ಟಿಗೆ ಇಲ್ದಿದ್ರೂ ನಡೆಯುತ್ತೆ. ಬ್ಯಾಗ್ ಇರೋದನ್ನೇ ತಗೊಳ್ಳಿ. ರಾತ್ರಿ ಪಾಳಿಯಲ್ಲಿ ಆಂಬುಲೆನ್ಸ್ ಬಾಗಿಲು ತೆಗೆಯೋಳು ನಾನು" ಎಂದಷ್ಟೇ ಹೇಳಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಕಾನೂನು ಆಕೆಯ ಮಾತಿಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಭಾರತದಲ್ಲಿ ಮಾರುವ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿನವರಿಗೂ ಇರಲೇಬೇಕೆಂಬ ನಿಯಮ 2021ರಲ್ಲಿ ಬಂತು. ಹಾಗಾಗಿ ಅದಕ್ಕಿಂತ ಹಿಂದಿನ ಹಳೆಯ ಕಾರು ಮನೆಯಲ್ಲಿದ್ದರೆ ಅದರಲ್ಲಿ ಏರ್‌ಬ್ಯಾಗ್ ಇದೆಯೇ, ಇದ್ದರೆ ಎಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸ್ಟೀರಿಂಗಿನ ನಡುಮಧ್ಯೆ ಮತ್ತು ಎಡಗಡೆಯ ಡ್ಯಾಶ್‌ಬೋರ್ಡಿನ ಮೇಲೆ ಆ ಅಕ್ಷರಗಳ ಅಚ್ಚು ಇದ್ದರೆ ಒಳಗೆ ಚೀಲ ಮಡಚಿ ಕೂತಿದೆ ಎಂದರ್ಥ.

2024ರ ಜುಲೈ. ಮಲೆನಾಡಿನ ಮಳೆ ಹಿಡಿದುಕೊಂಡಿತ್ತು. ಒಂದು ದಿನ ಸಂಜೆ ಮೇಷ್ಟ್ರು ಶಾಲೆಯಿಂದ ಹೊರಟಾಗ ಆ ಕೆಂಪು ದೀಪ ಆರಲೇ ಇಲ್ಲ. ಮನೆ ತಲುಪುವವರೆಗೂ ಉರಿಯಿತು. ಮರುದಿನವೂ ಉರಿಯಿತು. ಕಾರು ಎಂದಿನಂತೆಯೇ ಓಡುತ್ತಿತ್ತು. ಇಂಜಿನ್ನಿನಲ್ಲಿ ಸದ್ದಿಲ್ಲ, ಬ್ರೇಕಿನಲ್ಲಿ ದೋಷವಿಲ್ಲ. ಹಾರನ್ ಮಾತ್ರ ಕೆಲವು ದಿನಗಳಿಂದ ಹಟ ಹಿಡಿದಿತ್ತು. ಒಮ್ಮೆ ಬಡಿದರೆ ಕೂಗುತ್ತಿತ್ತು, ಸ್ಟೀರಿಂಗ್ ತಿರುಗಿಸಿದ ಹೊತ್ತಿನಲ್ಲಿ ಬಡಿದರೆ ಮೌನ. ಆ ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. "ಮಳೆಗಾಲದಲ್ಲಿ ಬರುತ್ತೆ, ಬಿಸಿಲು ಬಂದ್ರೆ ತಾನೇ ಹೋಗುತ್ತೆ" ಎಂದರು ಪಕ್ಕದ ಮನೆಯವರು. "ಬ್ಯಾಟರಿ ವೈರ್ ಕಿತ್ತು ಅರ್ಧ ಗಂಟೆ ಬಿಟ್ಟು ಹಾಕಿ, ಎಲ್ಲಾ ಮರೆತುಬಿಡುತ್ತೆ" ಎಂದರು ಸ್ಟಾಫ್ ರೂಮಿನ ಸಹೋದ್ಯೋಗಿ. ಮೇಷ್ಟ್ರು ಅದನ್ನೂ ಮಾಡಿ ನೋಡಿದರು. ಗಡಿಯಾರ ಹನ್ನೆರಡಕ್ಕೆ ಬಂದು ನಿಂತಿತು, ರೇಡಿಯೋದ ಸ್ಟೇಷನ್ನುಗಳು ಅಳಿಸಿಹೋದವು. ಕೆಂಪು ದೀಪ ಮಾತ್ರ ಏನನ್ನೂ ಮರೆಯಲಿಲ್ಲ.

ಅದು ಮರೆಯುವಂತೆ ಮಾಡಿದ್ದೇ ಅಲ್ಲ. ಏರ್‌ಬ್ಯಾಗಿನ ವ್ಯವಸ್ಥೆಗೆಲ್ಲ ಯಜಮಾನನಂತಿರುವ ಒಂದು ಪುಟ್ಟ ಪೆಟ್ಟಿಗೆ ಬಹುಪಾಲು ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಆಸುಪಾಸಿನ ನೆಲಕ್ಕೆ ಬಿಗಿದಿರುತ್ತದೆ. ಪ್ರತಿ ಸಲ ಕೀಲಿಕೈ ತಿರುಗಿಸಿದಾಗ ಅದು ತನ್ನ ಪರಿವಾರವನ್ನೆಲ್ಲ ಒಮ್ಮೆ ವಿಚಾರಿಸಿಕೊಳ್ಳುತ್ತದೆ. ಚೀಲವನ್ನು ಉಬ್ಬಿಸುವ ಕಿಡಿಯ ಸರ್ಕೀಟಿಗೆ ಬಹಳ ಸಣ್ಣ ವಿದ್ಯುತ್ತು ಹರಿಸಿ ಅದರ ರೋಧವನ್ನು ಅಳೆಯುತ್ತದೆ. ಸಾಮಾನ್ಯವಾಗಿ ಅದು ಸುಮಾರು 2 ಓಮ್ ಇರಬೇಕು. ತಂತಿ ಕಡಿದಿದ್ದರೆ ರೋಧ ಏರುತ್ತದೆ, ಎರಡು ತಂತಿ ತಾಗಿಕೊಂಡಿದ್ದರೆ ಇಳಿಯುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡುವ ಓಮನ ನಿಯಮ ಇಲ್ಲಿ ಜೀವ ಕಾಯುವ ಕೆಲಸಕ್ಕೆ ನಿಂತಿರುತ್ತದೆ. ಎಲ್ಲವೂ ಸರಿಯಿದ್ದರೆ ದೀಪ ಆರುತ್ತದೆ. ಎಲ್ಲಾದರೂ ಲೆಕ್ಕ ತಪ್ಪಿದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಇಲ್ಲವೇ ಮಿಟುಕುತ್ತದೆ. ಯಾವ ಕಡೆ ತಪ್ಪಿದೆ ಎಂಬುದನ್ನು ಪೆಟ್ಟಿಗೆ ಒಂದು ಸಂಕೇತವಾಗಿ ಬರೆದಿಟ್ಟುಕೊಳ್ಳುತ್ತದೆ. ದೀಪ ಉರಿಯುತ್ತಿರುವಾಗ ಡಿಕ್ಕಿಯಾದರೆ ಚೀಲ ಬಿಚ್ಚಿಕೊಳ್ಳುತ್ತದೆಂಬ ಭರವಸೆ ಇಲ್ಲ. ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ. ಕಾರು ಓಡುವುದಕ್ಕೂ ಏರ್‌ಬ್ಯಾಗಿಗೂ ಸಂಬಂಧವೇ ಇಲ್ಲ. ಕಾರು ಓಡುವುದು ನಿಂತುಹೋಗುವ ಕ್ಷಣಕ್ಕಾಗಿ ಅದು ಕಾದು ಕೂತಿರುತ್ತದೆ.

ಆ ಕ್ಷಣವಾದರೂ ಎಷ್ಟು ಸಣ್ಣದು! ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಮುಂದಿನಿಂದ ಜೋರಾಗಿ ಡಿಕ್ಕಿಯಾದ ಮೇಲೆ ಸುಮಾರು ಐವತ್ತು ಅರವತ್ತು ಪಾಲಿನೊಳಗೆ ಪೆಟ್ಟನ್ನು ಗುರುತಿಸುವುದು, ಕಿಡಿ ಕೊಡುವುದು, ಅನಿಲ ಹುಟ್ಟುವುದು, ಚೀಲ ತುಂಬುವುದು ಎಲ್ಲವೂ ಮುಗಿದಿರಬೇಕು. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ತುಂಬಿದ ಚೀಲ ಮುಖ ಮತ್ತು ಎದೆಯನ್ನು ಹಿಡಿದುಕೊಂಡು, ಹಿಂಬದಿಯ ರಂಧ್ರಗಳಿಂದ ಅನಿಲ ಬಿಡುತ್ತಾ ಕೂಡಲೇ ಕುಗ್ಗುತ್ತದೆ.

ಈ ಚೀಲದ ಹುಟ್ಟಿನ ಕಥೆ ತಂದೆತಾಯಿಗಳು ತಿಳಿದಿರಬೇಕಾದದ್ದು. 1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಎಂಬ ಇಂಜಿನಿಯರ್ ಹೆಂಡತಿ ಮತ್ತು ಏಳು ವರ್ಷದ ಮಗಳೊಡನೆ ಭಾನುವಾರದ ತಿರುಗಾಟಕ್ಕೆ ಹೊರಟಿದ್ದರು. ದಾರಿಯಲ್ಲಿ ಫಕ್ಕನೆ ಏನೋ ಅಡ್ಡ ಸಿಕ್ಕಿ, ಬ್ರೇಕ್ ಒತ್ತಿ, ಕಾರು ಪಕ್ಕದ ಚರಂಡಿಗೆ ಇಳಿಯಿತು. ಆ ಗಳಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಗಳ ತಲೆ ಮುಂದಕ್ಕೆ ಬಡಿಯದಂತೆ ಕೈ ಅಡ್ಡ ಹಿಡಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮನೆಗೆ ಮರಳುವ ದಾರಿಯುದ್ದಕ್ಕೂ, ಕೈಗೆ ಬದಲು ಇನ್ನೇನಾದರೂ ಅಡ್ಡ ಬರುವಂತಿದ್ದರೆ ಎಂದು ಹೆಟ್ರಿಕ್ ಯೋಚಿಸಿದರು. ನೌಕಾಪಡೆಯಲ್ಲಿದ್ದಾಗ, ರಿಪೇರಿಗೆ ಬಂದ ಟಾರ್ಪೆಡೊ ಒಂದರ ಒತ್ತಿದ ಗಾಳಿ ಅಚಾನಕ್ಕಾಗಿ ಬಿಡುಗಡೆಯಾಗಿ, ಅದರ ಮೇಲೆ ಹೊದಿಸಿದ್ದ ಕ್ಯಾನ್ವಾಸ್ ಬಟ್ಟೆ ಉಬ್ಬಿ ಚಾವಣಿಗೆ ಹಾರಿದ್ದು ಅವರಿಗೆ ನೆನಪಾಯಿತು. 1953ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಪಾಪ, ಅದರಿಂದ ಹಣ ಸಿಗಲಿಲ್ಲ. ಗಾಳಿಚೀಲದ ಕಾರುಗಳು ಗಿರಾಕಿಗಳ ಕೈಗೆ ಬಂದದ್ದು 1973ರಲ್ಲಿ. ಆ ವೇಳೆಗೆ ಪೇಟೆಂಟಿನ ಅವಧಿ ಮುಗಿದುಹೋಗಿತ್ತು.

ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದಾಗ ಪಕ್ಕದ ಮಗುವಿನ ಎದೆಗೆ ತಾಯಿಯ ಕೈ ತಾನಾಗಿ ಹೋಗುವುದನ್ನು ನೀವು ನೋಡಿರುತ್ತೀರಿ. ಏರ್‌ಬ್ಯಾಗ್ ಎಂದರೆ ಆ ಕೈಯೇ. ಕೆಂಪು ದೀಪ ಉರಿಯುತ್ತಿದೆಯೆಂದರೆ ಆ ಕೈ ಸಮಯಕ್ಕೆ ಬರಲಾರದು ಎಂದು ಮೊದಲೇ ತಿಳಿಸಿದ ಹಾಗೆ.

ಮೇಷ್ಟ್ರಿಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಕಾರನ್ನು ಆಗಸ್ಟಿನಲ್ಲಿ ಸಾಗರದ ಭಾವಮೈದುನನಿಗೆ ಮಾರುವುದೆಂದು ಮಾತಾಗಿತ್ತು. ಅವರ ಮಗನಿಗೆ ಹದಿನೆಂಟು ತುಂಬಿ ಹೊಸದಾಗಿ ಲೈಸೆನ್ಸ್ ಬಂದಿತ್ತು. ಅವನ ಹಿಂದೆ ಬಹಳ ವರ್ಷದ ಮೇಲೆ ಹುಟ್ಟಿದ ಆರು ವರ್ಷದ ತಂಗಿ. ಅವಳಿಗೆ ಕಾರಿನ ಮುಂದಿನ ಸೀಟೇ ಆಗಬೇಕು. ಕೆಂಪು ದೀಪದ ಕಾರನ್ನು ಹೇಗೆ ಕೊಡುವುದೆಂಬ ಸಂಕೋಚದಿಂದ ಮೇಷ್ಟ್ರು ಪರಿಚಯದ ಗ್ಯಾರೇಜಿಗೆ ಹೋದರು.

ಗ್ಯಾರೇಜಿನವನು ಒಳ್ಳೆಯವನೇ. ದೀಪ ನೋಡಿದ ತಕ್ಷಣ ನಕ್ಕ. "ಇದಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀರ ಮೇಷ್ಟ್ರೇ? ಮೀಟರ್ ಬಿಚ್ಚಿ ಆ ಲೈಟ್ ಒಂದನ್ನ ಕಟ್ ಮಾಡಿದ್ರೆ ಆಯ್ತು. ಮುನ್ನೂರು ರೂಪಾಯಿ ಕೊಡಿ ಸಾಕು."

"ಬೀಗದ ಕೈ ತಿರುಗಿಸಿದಾಗ ಆ ಲೈಟ್ ಬರದೇ ಇದ್ರೆ ತಗೊಳ್ಳೋರಿಗೆ ಗೊತ್ತಾಗಲ್ವೇನಪ್ಪ?"

"ಅದಕ್ಕೂ ದಾರಿ ಇದೆ. ಪಕ್ಕದ ಆಯಿಲ್ ಲೈಟಿಗೆ ಜೋಡಿಸಿಬಿಡ್ತೀನಿ. ಅದರ ಜೊತೆಗೇ ಬರುತ್ತೆ, ಅದರ ಜೊತೆಗೇ ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇದೆಲ್ಲ ಸರಿಯೇ ಎಂದು ಕೇಳಿದಾಗ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ: "ನಾನೇನು ಮಾಡ್ಲಿ ಮೇಷ್ಟ್ರೇ? ಬರೋರೆಲ್ಲ 'ಲೈಟ್ ಹೋಗ್ಬೇಕು' ಅಂತ ಕೇಳ್ತಾರೆ. 'ರಿಪೇರಿ ಆಗ್ಬೇಕು' ಅನ್ನೋರು ಕಮ್ಮಿ."

ನಾಳೆ ಬರುತ್ತೇನೆಂದು ಹೇಳಿ ಮೇಷ್ಟ್ರು ಮನೆಗೆ ಬಂದರು. ಊಟದ ಹೊತ್ತಿನಲ್ಲಿ ಗ್ಯಾರೇಜಿನವನ ಜಾಣತನವನ್ನು ಒಂದು ತಮಾಷೆಯಾಗಿ ಹೇಳಿದರು. ಮಗಳು ಆಗ ಎರಡನೇ ಪಿ.ಯು.ಸಿ. ವಿಜ್ಞಾನದಲ್ಲಿದ್ದಳು. ಅವಳು ಕಾರಿನ ಖಾನೆಯಲ್ಲಿ ಹನ್ನೆರಡು ವರ್ಷ ಪ್ಲಾಸ್ಟಿಕ್ ಕವರಿನೊಳಗೇ ಮಲಗಿದ್ದ ಕೈಪಿಡಿಯನ್ನು ಹಿಂದಿನ ದಿನವೇ ತಂದು ಓದತೊಡಗಿದ್ದಳು. ಅನ್ನ ಕಲಸುತ್ತಲೇ ಅವಳು ಕೇಳಿದಳು:

"ಹಾಗಾದ್ರೆ ಅದು ಪ್ರಾಕ್ಸಿ ಕೊಟ್ಟ ಹಾಗಾಯ್ತಲ್ವಾ ಅಪ್ಪ? ಏರ್‌ಬ್ಯಾಗ್ ಬಂದಿಲ್ಲ, ಅದರ ಹೆಸರು ಕರೆದಾಗ ಆಯಿಲ್ ಲೈಟು 'ಹಾಜರ್ ಸಾರ್' ಅನ್ನುತ್ತೆ."

ಮೇಷ್ಟ್ರ ಕೈ ತಟ್ಟೆಯ ಮೇಲೆಯೇ ನಿಂತಿತು. ಹಾಜರಿಯ ವಿಷಯದಲ್ಲಿ ಅವರು ಇಡೀ ಶಾಲೆಗೇ ಹೆಸರಾದವರು. ಹೆಸರು ಕರೆದಾಗ ದನಿ ಕೇಳಿದರೆ ಸಾಲದು, ಮುಖ ಕಾಣಬೇಕು ಎನ್ನುವವರು. ಗೆಳೆಯನ ಬದಲು ಕೂಗಿದ ಹುಡುಗನನ್ನು ನಿಲ್ಲಿಸಿ, "ಅವನು ಎಲ್ಲೋ ಕೆರೆಗೆ ಬಿದ್ದಿದ್ದರೂ ನೀನು ಇಲ್ಲಿ ಹಾಜರ್ ಅಂತಿದ್ದೆಯಲ್ಲ, ಹುಡುಕೋಕೆ ಯಾರು ಹೋಗ್ತಿದ್ರು?" ಎಂದು ಕೇಳುವುದು ಅವರ ವಾಡಿಕೆ. ಆ ಮಾತನ್ನು ಮಗಳು ಅಂದು ಎತ್ತಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಮುಂದಿನ ಸೀಟಲ್ಲಿ ಕೂರೋದು ಪುಟ್ಟಿ" ಎಂದರು ಮೇಷ್ಟ್ರ ಪತ್ನಿ, ಮಜ್ಜಿಗೆ ಬಡಿಸುತ್ತಾ. ಆಕೆಯ ಮಾತು ಎಂದಿನಂತೆ ಅಷ್ಟೇ.

ಮರುದಿನ ಕಾರು ಹೋದದ್ದು ಬೇರೆ ವರ್ಕ್‌ಶಾಪಿಗೆ. ಅಲ್ಲಿಯ ಹುಡುಗ ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ. ಚಾಲಕನ ಏರ್‌ಬ್ಯಾಗಿನ ಸರ್ಕೀಟಿನಲ್ಲಿ ರೋಧ ಮಿತಿಮೀರಿದೆ ಎಂದು ಸಂಕೇತ ಬಂತು. ಹುಡುಗ ಕೂಡಲೇ ಕೇಳಿದ: "ಸಾರ್, ಹಾರನ್ ಸರಿಯಾಗಿ ಹೊಡೀತಿದೆಯಾ?"

ವೈದ್ಯರು ನಾಲಿಗೆ ನೋಡಿ ಹೊಟ್ಟೆಯ ವಿಷಯ ಹೇಳಿದಂತಾಯಿತು ಮೇಷ್ಟ್ರಿಗೆ. ಸ್ಟೀರಿಂಗ್ ಚಕ್ರ ತಿರುಗುತ್ತದೆ, ಅದರ ಕೆಳಗಿನ ಕಂಬ ತಿರುಗುವುದಿಲ್ಲ. ತಿರುಗುವ ಚಕ್ರದೊಳಗಿರುವ ಏರ್‌ಬ್ಯಾಗಿಗೆ, ಹಾರನ್ ಗುಂಡಿಗೆ ವಿದ್ಯುತ್ತು ಹೋಗಬೇಕಲ್ಲ? ಅದಕ್ಕಾಗಿ ಚಕ್ರದ ಹಿಂದೆ ಪ್ಲಾಸ್ಟಿಕ್ ಬಿಲ್ಲೆಯೊಂದರೊಳಗೆ ಚಪ್ಪಟೆಯಾದ ತಂತಿಯ ಪಟ್ಟಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹೆಸರೇ ಕ್ಲಾಕ್ ಸ್ಪ್ರಿಂಗ್. ಚಕ್ರ ಒಂದು ಕಡೆ ತಿರುಗಿದರೆ ಸುರುಳಿ ಬಿಗಿಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಸಡಿಲಾಗುತ್ತದೆ. ಹನ್ನೆರಡು ವರ್ಷದ ತಿರುವುಗಳೆಲ್ಲ ಆ ಪಟ್ಟಿಯ ಮೈಮೇಲೆ ಸವೆದಿರುತ್ತವೆ. ಅದು ಬಿರುಕು ಬಿಟ್ಟಾಗ ಹಾರನ್ ಮತ್ತು ಏರ್‌ಬ್ಯಾಗ್ ಒಟ್ಟಿಗೆ ಕೈಕೊಡುತ್ತವೆ. ಹಾರನ್ ತನ್ನ ಕಷ್ಟವನ್ನು ಮೌನದಿಂದ ಹೇಳಿತ್ತು, ದೀಪ ಬೆಳಕಿನಿಂದ ಹೇಳಿತ್ತು.

ಹಳೆಯ ಕಾರುಗಳಲ್ಲಿ ಈ ದೀಪ ಉರಿಯಲು ಇದೊಂದೇ ಕಾರಣವಲ್ಲ. ಮುಂದಿನ ಸೀಟುಗಳ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಇರುವ ಕಾರುಗಳುಂಟು. ಸೀಟನ್ನು ಹಿಂದೆ ಮುಂದೆ ಎಳೆದಾಗ, ಕಾರು ತೊಳೆಯುವವರು ಕೈ ಹಾಕಿದಾಗ, ಛತ್ರಿಯನ್ನು ಸೀಟಿನ ಕೆಳಗೆ ತುರುಕಿದಾಗ ಅದು ಸಡಿಲಾಗಬಹುದು. ನೆಲಹಾಸಿನ ಕೆಳಗೆ ಮಳೆನೀರು ನಿಂತು ಕಿಲುಬು ಹಿಡಿಯಬಹುದು. ಸೀಟ್‌ಬೆಲ್ಟಿನ ಕೊಂಡಿಯೊಳಗಿನ ಸ್ವಿಚ್ ಹಾಳಾಗಬಹುದು. ಬ್ಯಾಟರಿ ತೀರಾ ಸೊರಗಿದ್ದರೂ ದೀಪ ಬರುವುದುಂಟು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳ ಹಲ್ಲಿಗೆ ಯಾವ ತಂತಿಯಾದರೂ ಒಂದೇ. ಆದ್ದರಿಂದ ದೀಪ ಉರಿದ ಕೂಡಲೇ ಸಾವಿರಾರು ರೂಪಾಯಿ ಹೋಯಿತೆಂದು ಹೆದರಬೇಕಿಲ್ಲ. ಕನೆಕ್ಟರ್ ಒತ್ತಿ ಕೂರಿಸಿದರೆ ಮುಗಿಯುವ ಕೆಲಸವೂ ಇರಬಹುದು. ಯಾವುದೆಂದು ಸ್ಕ್ಯಾನರ್ ಹೇಳಬೇಕು, ಊಹೆ ಹೇಳಬಾರದು.

ಹುಡುಗ ಕೆಲಸ ಮಾಡಿದ ರೀತಿ ಮೇಷ್ಟ್ರಿಗೆ ಹಿಡಿಸಿತು. ಚಕ್ರವನ್ನು ನೇರವಾಗಿ ನಿಲ್ಲಿಸಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೆಲವು ನಿಮಿಷ ಸುಮ್ಮನೆ ಕುಳಿತ. "ಪೆಟ್ಟಿಗೆಯೊಳಗೆ ಕರೆಂಟ್ ಉಳಿದಿರುತ್ತೆ ಸಾರ್. ಡಿಕ್ಕಿಯಲ್ಲಿ ಬ್ಯಾಟರಿ ಹೋದ್ರೂ ಬ್ಯಾಗ್ ಬಿಚ್ಚಲಿ ಅಂತ ಮಾಡಿರ್ತಾರೆ. ಅದು ಇಳೀಬೇಕು." ಚೀಲದ ಸರ್ಕೀಟಿಗೆ ಟೆಸ್ಟರ್, ಮಲ್ಟಿಮೀಟರ್ ಹಚ್ಚಲಿಲ್ಲ. ಅಷ್ಟು ಸಣ್ಣ ವಿದ್ಯುತ್ತಿಗೂ ಕಿಡಿ ಹೊತ್ತಿ ಚೀಲ ಮುಖಕ್ಕೆ ಸಿಡಿಯುವ ಅಪಾಯವಿದೆ. ಕಳಚಿದ ಏರ್‌ಬ್ಯಾಗನ್ನು ಅದರ ಮುಖ ತನ್ನ ಮೈಯಿಂದ ಆಚೆಗಿರುವಂತೆ ಹಿಡಿದು ಒಯ್ದು, ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟ. ಕುತೂಹಲಕ್ಕೆ ಬಿದ್ದು ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಕಾರಿನಲ್ಲಿ ತಾವೇ ಬಿಚ್ಚಿ ಕಲಿಯಬಹುದಾದ ಭಾಗಗಳು ಎಷ್ಟೋ ಇವೆ, ಇದು ಅಂಥದ್ದಲ್ಲ.

ಹೊಸ ಕ್ಲಾಕ್ ಸ್ಪ್ರಿಂಗ್, ಕೂಲಿ ಎಲ್ಲ ಸೇರಿ ಏಳು ಸಾವಿರ ದಾಟಿತು. ಕೊನೆಗೆ ಹುಡುಗ ಸ್ಕ್ಯಾನರಿನಿಂದ ಹಳೆಯ ಸಂಕೇತ ಅಳಿಸಿ ಕೀಲಿಕೈ ತಿರುಗಿಸಿದ. ದೀಪ ಬಂತು. ಮೇಷ್ಟ್ರು ಮನಸ್ಸಿನಲ್ಲೇ ಎಣಿಸಿದರು. ಆರಕ್ಕೆ ಸರಿಯಾಗಿ ಆರಿತು. ಹಾರನ್ ಕೂಡ ಕೂಗಿತು.

ಹಳೆಯ ಕಾರು ಕೊಳ್ಳುವ ಕುಟುಂಬಗಳು ಇಲ್ಲಿಂದ ಕಲಿಯಬೇಕಾದದ್ದು ಸುಲಭವಾಗಿದೆ. ಕೀಲಿಕೈ ತಿರುಗಿಸಿ, ಇಂಜಿನ್ ಚಾಲೂ ಮಾಡುವ ಮುನ್ನ ಆ ದೀಪವನ್ನೊಂದನ್ನೇ ನೋಡಬೇಕು. ಬಂದು ಆರಿದರೆ ಸರಿ. ಆರದಿದ್ದರೆ ದೋಷವಿದೆ. ಬರಲೇ ಇಲ್ಲವಾದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ದೀಪ ಸುಟ್ಟಿರಬಹುದು, ಅಥವಾ ಯಾರೋ ಅದರ ಬಾಯಿ ಕಟ್ಟಿರಬಹುದು. ಬೇರೊಂದು ದೀಪದ ಜೊತೆ ಜೊತೆಗೇ ಬಂದು ಜೊತೆಗೇ ಹೋಗುತ್ತಿದ್ದರೂ ಅನುಮಾನ ಪಡಬೇಕು. ಒಮ್ಮೆ ಅಪಘಾತದಲ್ಲಿ ಬಿಚ್ಚಿಕೊಂಡ ಚೀಲವನ್ನು ಮತ್ತೆ ಬಳಸಲಾಗದು. ಹೊಸದು ಹಾಕುವ ಬದಲು ಬರೀ ಮುಚ್ಚಳ ಅಂಟಿಸಿ, 2 ಓಮಿನ ರೋಧಕವೊಂದನ್ನು ಸರ್ಕೀಟಿಗೆ ಸೇರಿಸಿ ಪೆಟ್ಟಿಗೆಯನ್ನೇ ಮೋಸಗೊಳಿಸುವವರೂ ಇದ್ದಾರೆ. ಆದ್ದರಿಂದ ವ್ಯಾಪಾರಕ್ಕೆ ಮುನ್ನ ನಂಬಿಕಸ್ಥರಿಂದ ಸ್ಕ್ಯಾನರ್ ಹಾಕಿಸಿ, ಕಾರಿಗೆ ದೊಡ್ಡ ಅಪಘಾತವಾಗಿತ್ತೇ ಎಂದು ವಿಚಾರಿಸುವುದು ಲೇಸು.

ದೀಪಕ್ಕೂ ತನ್ನ ಮಿತಿ ಇದೆ. ತಂತಿಗಳ ಸುದ್ದಿಯನ್ನು ಅದು ಹೇಳುತ್ತದೆ. ಚೀಲ ಉಬ್ಬಿಸುವ ರಾಸಾಯನಿಕದ ಆರೋಗ್ಯ ಅದಕ್ಕೆ ತಿಳಿಯದು. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್, ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಸಿಡಿಸಿ ಜನರನ್ನು ಕೊಂದಿತು. 2008ರಿಂದಾಚೆಗೆ ಹಲವು ಕಂಪನಿಗಳು ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ವಾಪಸು ಕರೆಸಿ ಆ ಭಾಗವನ್ನು ಬದಲಿಸಬೇಕಾಯಿತು. ಭಾರತದಲ್ಲಿ ಮಾರಿದ ಕಾರುಗಳೂ ಅದರಲ್ಲಿದ್ದವು. ತಕಾಟಾ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಕಾರಿನ ಷಾಸಿ ನಂಬರನ್ನು ಅಧಿಕೃತ ಸರ್ವೀಸ್ ಸೆಂಟರಿಗೆ ಕೊಟ್ಟು, ಇಂಥ ಕರೆ ಬಾಕಿ ಇದೆಯೇ ಎಂದು ಕೇಳಿಕೊಳ್ಳಬಹುದು. ಕರಾವಳಿಯ ಸೆಕೆಯಲ್ಲಿ ನಿಲ್ಲುವ ಕಾರುಗಳವರು ಮರೆಯದೇ ಕೇಳಬೇಕು.

ಇನ್ನು ಬೆಲ್ಟ್. ಎಸ್.ಆರ್.ಎಸ್. ಎಂಬ ಅಕ್ಷರಗಳ ಮೊದಲ ಪದದ ಅರ್ಥವೇ 'ಪೂರಕ' ಎಂದು. ಮುಖ್ಯ ರಕ್ಷಣೆ ಬೆಲ್ಟಿನದು, ಚೀಲ ಅದಕ್ಕೆ ಒತ್ತಾಸೆ. ಬೆಲ್ಟಿಲ್ಲದೆ ಮುಂದಕ್ಕೆ ಎಸೆಯಲ್ಪಟ್ಟವರಿಗೆ ಉಬ್ಬುತ್ತಿರುವ ಚೀಲವೇ ಗುದ್ದು ಕೊಡಬಹುದು. ಹಿಂದಿನ ಸೀಟಿಗೂ ಬೆಲ್ಟ್ ಬೇಕೆಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರ ಸಾವು ದೇಶಕ್ಕೇ ನೆನಪಿಸಿತು. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. 2019ರ ತಿದ್ದುಪಡಿಯ ಪ್ರಕಾರ ಬೆಲ್ಟ್ ಹಾಕದಿದ್ದರೆ 1000 ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಆಸನವಾಗಲಿ ಇಲ್ಲದೆ ಕರೆದೊಯ್ದರೂ ಅಷ್ಟೇ ದಂಡ.

ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಂತೆ ಕಂಡರೂ ಅಪಾಯ. ದೊಡ್ಡವರ ಎದೆಯ ಲೆಕ್ಕಕ್ಕೆ ಮಾಡಿದ ಚೀಲ ಮಗುವಿನ ತಲೆಗೆ ಬಡಿಯುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಹೀಗೆಯೇ ಮಕ್ಕಳು ಸತ್ತ ಮೇಲೆ ಚೀಲದ ರಭಸವನ್ನು ತಗ್ಗಿಸಬೇಕಾಯಿತು. ಹನ್ನೆರಡು ವರ್ಷದೊಳಗಿನವರಿಗೆ ಹಿಂದಿನ ಸೀಟೇ ಕ್ಷೇಮ. ಡ್ಯಾಶ್‌ಬೋರ್ಡಿನ ಎಡಗಡೆಯ ಅಚ್ಚಿನ ಮೇಲೆಯೇ ಗಣಪತಿಯ ವಿಗ್ರಹ ಅಂಟಿಸುವವರಿದ್ದಾರೆ. ಚೀಲ ಬಿಚ್ಚಿದರೆ ಆ ವಿಗ್ರಹ ಎದುರಿಗಿರುವವರ ಮುಖಕ್ಕೇ ಬರುತ್ತದೆ. ದೇವರಿಗೆ ನಡುಮಧ್ಯೆ ಸ್ವಲ್ಪ ಸರಿದು ಕೂರಲು ಬೇಸರವಿರಲಾರದು. ಮುಂಬದಿಗೆ ಹಾಕಿಸುವ ಕಬ್ಬಿಣದ ಗಾರ್ಡ್ ಪೆಟ್ಟಿನ ಹದವನ್ನೇ ಬದಲಿಸಿ ಸೆನ್ಸರಿನ ಲೆಕ್ಕ ತಪ್ಪಿಸಬಹುದು. ಅದು ಕಾನೂನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಆಗಸ್ಟಿನಲ್ಲಿ ಸಾಗರದಿಂದ ಭಾವಮೈದುನ ಮಕ್ಕಳೊಡನೆ ಬಂದರು. ಕಾರನ್ನು ಸುತ್ತಿ ನೋಡಿ, ಟಯರಿಗೆ ಒದ್ದು, ಬೆಲೆಯ ವಿಷಯಕ್ಕೆ ಬಂದಾಗ ಮೇಷ್ಟ್ರು ರಿಪೇರಿಯ ಬಿಲ್ ಮುಂದಿಟ್ಟರು.

"ಏನ್ ಭಾವ ಇದು, ಒಂದು ಲೈಟ್ ಆರಿಸೋಕೆ ಏಳು ಸಾವಿರಾನಾ? ನಮ್ಮೂರಲ್ಲಿ ಮುನ್ನೂರಕ್ಕೆ ಮಾಡಿಕೊಡ್ತಿದ್ರು!"

"ಇಲ್ಲೂ ಮುನ್ನೂರೇ" ಎಂದರು ಮೇಷ್ಟ್ರು. "ಆರಿಸೋಕೆ ಮುನ್ನೂರು. ಇದು ಸರಿಮಾಡಿದ್ದಕ್ಕೆ."

ಅರ್ಧ ದುಡ್ಡು ತಾನು ಕೊಡುತ್ತೇನೆಂದು ಭಾವಮೈದುನ ಒಪ್ಪಿದರು. ಆರು ವರ್ಷದ ಪುಟ್ಟಿ ಅಷ್ಟರಲ್ಲಿ ಮುಂದಿನ ಬಾಗಿಲು ತೆಗೆದು ಹತ್ತಿಯಾಗಿತ್ತು. ಅವಳನ್ನು ಹಿಂದಕ್ಕೆ ಕಳಿಸಲು ಅತ್ತೆಗೆ ಕಾಲು ಗಂಟೆ, ಎರಡು ಚಕ್ಕುಲಿ ಬೇಕಾಯಿತು. ಬೆಲ್ಟ್ ಬಿಗಿದ ಮೇಲೂ ಮುಖ ಊದಿಸಿಕೊಂಡೇ ಇದ್ದಳು. ಅವಳ ಅಣ್ಣ ಕೀಲಿಕೈ ಹಿಡಿದು ಅವಸರದಲ್ಲಿದ್ದ.

"ಸ್ವಲ್ಪ ತಾಳಯ್ಯ, ಮೊದಲು ಹಾಜರಿ ತಗೋ" ಎಂದರು ಮೇಷ್ಟ್ರು.

"ಯಾರ ಹಾಜರಿ ಮಾವ?"

ಮೇಷ್ಟ್ರು ಕಿಟಕಿಯೊಳಗೆ ಕೈ ಚಾಚಿ ಕೆಂಪು ದೀಪವನ್ನು ತೋರಿಸಿದರು. ಹುಡುಗ ಕೀಲಿಕೈ ಅರ್ಧ ತಿರುಗಿಸಿ ಎಣಿಸಿದ. ಹಿಂದಿನ ಸೀಟಿನಿಂದ ಪುಟ್ಟಿಯೂ, ಕೋಪ ಮರೆತು, ಅವನಿಗಿಂತ ಜೋರಾಗಿ ಎಣಿಸತೊಡಗಿದಳು. ಭಾವಮೈದುನ ಬಿಲ್ಲನ್ನು ಮಡಚಿ, ಆರ್.ಸಿ. ಮತ್ತು ವಿಮೆಯ ಕಾಗದಗಳ ಜೊತೆ ಖಾನೆಯಲ್ಲಿ ಇಟ್ಟುಕೊಂಡರು.